ಸ್ವೆಟರಿಗೆ ಶಹಬ್ಬಾಸ್, ನನಗೆ ಗಡುವು

ಸಿಬ್ಬಂದಿ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಕುರ್ಚಿಯ ಬೆನ್ನಿಗೆ ಹಾಕಿದ್ದ ಹಸಿರು ಸ್ವೆಟರನ್ನು ತಾವು ತಿಂಗಳುಗಟ್ಟಲೆ ನಾನೇ ಎಂದು ತಿಳಿದು ಮೆಚ್ಚಿಕೊಂಡಿರಿ. ನಾನು ಆ ಸ್ವೆಟರಿನೊಳಗೆ ಇಲ್ಲ, ಸಮುದ್ರದಾಚೆ ಇನ್ನೊಂದು ದೇಶದಲ್ಲಿ ಗಂಡ ಮಗಳ ಜೊತೆ ಇದ್ದುಕೊಂಡು ತಮ್ಮದೇ ಕೆಲಸ ಮಾಡುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ, ಒಂದು ತಿಂಗಳೊಳಗೆ ಬಂದು ಕುರ್ಚಿಯಲ್ಲಿ ಕೂರಬೇಕು, ಇಲ್ಲವೇ ಕೆಲಸ ಬಿಡಬೇಕು ಎಂದು ಆದೇಶ ಹೊರಡಿಸಿದಿರಿ. ಸ್ವೆಟರಿಗೆ ಶಹಬ್ಬಾಸ್, ನನಗೆ ಗಡುವು. ಇದು ನನ್ನ ದೂರು. ನನ್ನ ಹೆಸರಿಗೆ ಬರೆದ ಆದೇಶವನ್ನು ತಾವು ಇಡೀ ಕಚೇರಿಗೆ ಇಮೇಲ್ ಮಾಡಿಸಿ, ಸಾಲದ್ದಕ್ಕೆ ಲಿಫ್ಟಿನ ಪಕ್ಕದ ಗೋಡೆಗೂ ಅಂಟಿಸಿದ್ದರಿಂದ, ಉತ್ತರವನ್ನು ನಾನೊಬ್ಬಳೇ ಗುಟ್ಟಾಗಿ ಕೊಡುವುದು ಸರಿಯಲ್ಲ ಅನ್ನಿಸಿತು. ಎಲ್ಲರೂ ಓದಲಿ.

ತಮಗೆ ನನ್ನ ಪರಿಚಯ ಇರಲಿಕ್ಕಿಲ್ಲ, ಸ್ವೆಟರಿನದು ಮಾತ್ರ ಇದೆ. ಆದ್ದರಿಂದ ಹೇಳಿಕೊಳ್ಳುತ್ತೇನೆ. ನಾನು ನಿಗಾ ವಿಭಾಗದವಳು. ಔಷಧಿ ಇಡುವ ಕೋಲ್ಡ್ ಸ್ಟೋರೇಜುಗಳಲ್ಲಿ ಎಷ್ಟು ಥಂಡಿ ಇದೆ ಎಂದು ಕಂಪ್ಯೂಟರಿನಲ್ಲಿ ಕಣ್ಣಿಟ್ಟಿರುವುದು, ಎಲ್ಲಾದರೂ ಬಿಸಿ ಏರಿ ಅಲಾರಂ ಹೊಡೆದರೆ ಅಲ್ಲಿನ ಕಾವಲುಗಾರನಿಗೆ ಫೋನ್ ಹಚ್ಚಿ, ಬಾಗಿಲು ಹಾಕಿಸುವುದೋ ಜನರೇಟರ್ ಶುರು ಮಾಡಿಸುವುದೋ ಮಾಡುವುದು ನಮ್ಮ ಕೆಲಸ. ಆ ಗೋದಾಮುಗಳಲ್ಲಿ ಒಂದಾದರೂ ನಮ್ಮ ಕಚೇರಿಯ ಕಟ್ಟಡದಲ್ಲಿಲ್ಲ. ಹತ್ತಿರದ್ದು ಅಂದರೂ ರೈಲಿನಲ್ಲಿ ಅರ್ಧ ದಿನದ ದಾರಿ. ಅಂದರೆ ಕಚೇರಿಯ ಕುರ್ಚಿಯಲ್ಲಿ ಕೂತಾಗಲೂ ನಾವು ಮಾಡುವುದು ದೂರದ ಕೆಲಸವನ್ನೇ. ಅರ್ಧ ದಿನದ ದೂರದಿಂದ ಮಾಡಿದರೆ ಶಿಸ್ತು, ಸ್ವಲ್ಪ ಹೆಚ್ಚಿನ ದೂರದಿಂದ ಮಾಡಿದರೆ ಅಶಿಸ್ತು ಎಂದಾದರೆ, ಶಿಸ್ತು ಎಷ್ಟನೇ ಮೈಲಿಗೆ ಮುಗಿಯುತ್ತದೆ ಎನ್ನುವುದನ್ನು ತಾವೇ ದೊಡ್ಡ ಮನಸ್ಸು ಮಾಡಿ ತಿಳಿಸಬೇಕು.

ಇನ್ನು ನನ್ನ ಸಂಸಾರದ ವಿಷಯ. ನಮ್ಮವರು ಬಂದರಿನಲ್ಲಿ ಕ್ರೇನ್ ಮೆಕ್ಯಾನಿಕ್. ಹಡಗಿನಿಂದ ಕಂಟೇನರ್ ಎತ್ತುವ, ನಾಲ್ಕು ಮಹಡಿ ಮನೆಗಿಂತ ಎತ್ತರದ ಕ್ರೇನುಗಳು. ಅವುಗಳ ಗ್ರೀಸು, ಹಗ್ಗ, ಗಾಲಿ ಎಲ್ಲ ಇವರ ಪಾಲಿಗೆ. ಮಗಳು ಹೊಟ್ಟೆಯಲ್ಲಿದ್ದಾಗ ಈ ದೇಶದ ಬಂದರಿನಲ್ಲಿ ಕೆಲಸ ಸಿಕ್ಕಿ ಬಂದರು. ಕ್ರೇನನ್ನು ಮನೆಯಿಂದ ರಿಪೇರಿ ಮಾಡಲಿಕ್ಕೆ ಆಗುವುದಿಲ್ಲ. ಹಾಗೆ ನೋಡಿದರೆ ಮನೆಯಿಂದ ಮಾಡಬಹುದಾದ ಕೆಲಸ ನಮ್ಮಿಬ್ಬರಲ್ಲಿ ನನ್ನದೊಂದೇ. ಆದರೂ ಮೊದಲ ಆರೇಳು ವರ್ಷ ನಾನು ಅಲ್ಲೇ ಉಳಿದೆ, ಕಚೇರಿಗೆ ಬಸ್ಸು ಹಿಡಿದೆ, ಕುರ್ಚಿಯಲ್ಲಿ ಕೂತೆ. ನಮ್ಮ ದಾಂಪತ್ಯ ಫೋನಿನಲ್ಲಿ ನಡೆಯಿತು. ಜಗಳವಾಡುವುದಕ್ಕೂ ಸಿಗ್ನಲ್ ನೋಡಿಕೊಳ್ಳಬೇಕಾಗಿತ್ತು. ಒಳ್ಳೇ ಕಡೆ ಬಂದಾಗ ಲೈನ್ ಕಟ್ಟಾಗಿ, ಮತ್ತೆ ಸಿಗುವಷ್ಟರಲ್ಲಿ ಇಬ್ಬರಿಗೂ ಕೋಪ ಇಳಿದಿರುತ್ತಿತ್ತು. ಅದೊಂದು ಲಾಭ, ಇಲ್ಲ ಅನ್ನುವುದಿಲ್ಲ.

ಮಗಳನ್ನು ನಾವು ಪುಟ್ಟಿ ಅನ್ನುತ್ತೇವೆ. ಅವಳಿಗೆ ಅಪ್ಪ ಅಂದರೆ ಫೋನು. ಬಿಸ್ಕತ್ತು ತಿನ್ನುವಾಗ ಅಪ್ಪನಿಗೂ ಒಂದು ಅಂತ ಗಾಜಿಗೆ ಒತ್ತುತ್ತಿದ್ದಳು. ಅಪ್ಪ ಗದರಿದರೆ ಫೋನನ್ನು ಬೋರಲು ಹಾಕಿ, "ಅಪ್ಪ ಮಲಗಿದ್ರು" ಅನ್ನುತ್ತಿದ್ದಳು. ನಕ್ಕು ಸುಮ್ಮನಾಗುತ್ತಿದ್ದೆವು. ಮೂರು ವರ್ಷದವಳಿದ್ದಾಗ ಇವರು ರಜೆಗೆ ಬಂದರು. ಬಾಗಿಲಲ್ಲಿ ಸೂಟ್‌ಕೇಸ್ ಇಟ್ಟು ಎತ್ತಿಕೊಳ್ಳಲು ಹೋದರೆ ಅವಳು ಚೀರಿ ಓಡಿದವಳು ಮಂಚದ ಕೆಳಗೆ ಸೇರಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಹೊರಗೆ ಬಂದು ನನ್ನ ಫೋನ್ ತಗೊಂಡು ಅಪ್ಪನ ಫೋಟೋ ಒತ್ತಿದಳು. ಮನೆಯಲ್ಲಿ ಯಾರೋ ಬಂದು ಕೂತಿದ್ದಾರೆ ಎಂದು ಅಪ್ಪನಿಗೆ ದೂರು ಹೇಳಬೇಕಿತ್ತು. ಇವರ ಪ್ಯಾಂಟಿನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಆಮೇಲೆ ಎತ್ತಿ, "ಹಲೋ, ಪುಟ್ಟಿ" ಅಂದರು.

"ಅಪ್ಪಾ, ನಮ್ಮನೇಲಿ ಯಾರೋ ಬಂದಿದಾರೆ. ನೀನು ಬೇಗ ಬಾ."

"ಬರ್ತೀನಿ ಕಂದ. ಅವರು ಹೇಗಿದಾರೆ? ಕೆಟ್ಟವರಾ?"

ಅವಳು ತಿರುಗಿ ನೋಡಿ, ಎದುರಿಗೆ ಕೂತವರನ್ನು ಅಳೆದು, "ಗೊತ್ತಿಲ್ಲ. ಮೀಸೆ ಇದೆ" ಅಂದಳು.

ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಅಪ್ಪ ಮಗಳು ಆ ಸಂಜೆಯೆಲ್ಲ ಫೋನಿನಲ್ಲೇ ಮಾತಾಡಿದರು. ಆ ರಜೆ ಮುಗಿಯುವ ಹೊತ್ತಿಗೆ ಅವಳು ಇವರ ಹೆಗಲೇರಿದ್ದಳು, ಇವರು ವಿಮಾನವೇರಿದರು. ಈ ಕತೆಯನ್ನು ನಾನು ಎಲ್ಲರಿಗೂ ನಗುತ್ತಲೇ ಹೇಳುತ್ತೇನೆ. ಹೇಳಿ ಮುಗಿಸಿದ ಮೇಲೆ ಮಾತ್ರ ನನಗೆ ನಗು ಬರುವುದಿಲ್ಲ.

ಹೀಗಿರುವಾಗ, ಎರಡು ವರ್ಷದ ಹಿಂದೆ, ನಿಗಾ ವಿಭಾಗದವರು ತಮ್ಮ ಮೇಲ್ವಿಚಾರಕರ ಒಪ್ಪಿಗೆ ಪಡೆದು ಮನೆಯಿಂದ ಕೆಲಸ ಮಾಡಬಹುದು ಎಂದು ಸಂಸ್ಥೆಯೇ ನಿಯಮ ಮಾಡಿತು. ನಾನು ನಮ್ಮ ಮೇಲ್ವಿಚಾರಕಿಯನ್ನು ಕೇಳಿದೆ: "ಮೇಡಂ, ಮನೆ ಅಂದ್ರೆ ಯಾವುದು? ಬಾಡಿಗೆ ಕಟ್ಟೋದಾ, ಗಂಡ ಇರೋದಾ?" ಅವರು ಪುಣ್ಯಾತ್ಗಿತ್ತಿ, "ನೆಟ್ ಸರಿಯಾಗಿ ಸಿಗೋದು. ಹೋಗ್ಬಾ, ಫೈಲ್ ನಾನು ಮೇಲೆ ಕಳಿಸ್ತೀನಿ" ಅಂದರು. ಮೇಲೆ ಅಂದರೆ ತಮಗೆ. ಕಳಿಸಿದರು. ನಾನೂ ಬೇರೆಯಾಗಿ ಅರ್ಜಿ ಕೊಟ್ಟೆ. ಯಾವ ದೇಶ, ಯಾವ ಊರು, ಅಲ್ಲಿ ಕೆಲಸ ಮಾಡಲು ನನಗಿರುವ ಪರವಾನಗಿ, ತೆರಿಗೆ ಕಟ್ಟುವ ಬಗೆ, ಎಲ್ಲ ಬರೆದಿದ್ದೆ. "ಪರಿಶೀಲನೆಯಲ್ಲಿದೆ" ಎಂದು ಉತ್ತರ ಬಂತು. ಮತ್ತೆ ಬರೆದೆ, ಮತ್ತೆ ಪರಿಶೀಲನೆಯಲ್ಲಿತ್ತು. ಮೂರನೇ ಸಲ ಬರೆದಾಗ ಉತ್ತರವೂ ಬರಲಿಲ್ಲ, ಬಹುಶಃ ಅದೂ ಪರಿಶೀಲನೆಯಲ್ಲಿರಬೇಕು. ಬೇಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಕೇಳಿದ್ದೆ. ತಾವು ಗೋಡೆಯನ್ನಷ್ಟೇ ಇಟ್ಟಿರಿ. ಪುಟ್ಟಿಗೆ ಇಲ್ಲಿನ ಶಾಲೆ ಶುರುವಾಗುತ್ತಿತ್ತು. ಮೇಲ್ವಿಚಾರಕಿಯ ಒಪ್ಪಿಗೆ ಕೈಯಲ್ಲಿತ್ತು. ಹೊರಟು ಬಂದೆ. ಹೊರಡುವ ಗಡಿಬಿಡಿಯಲ್ಲಿ ಸ್ವೆಟರನ್ನು ಕುರ್ಚಿಯ ಮೇಲೇ ಮರೆತೆ.

ಇನ್ನು ಲಾಭ ನಷ್ಟ. ಹೊರದೇಶದಿಂದ ಕೆಲಸ ಮಾಡುವವರಿಗೆ ಮಾತ್ರ ಸುಖ, ಸಂಸ್ಥೆಗೆ ಬರೀ ನಷ್ಟ ಎಂದು ತಮ್ಮ ಆದೇಶದ ಧಾಟಿ. ಸುಖವನ್ನು ನಾನು ಒಪ್ಪುತ್ತೇನೆ. ಸಂಸ್ಥೆಯ ನಷ್ಟವನ್ನು ವಿವರಿಸುತ್ತೇನೆ, ಕೇಳಿ. ಅಲ್ಲಿ ರಾತ್ರಿಯಾದಾಗ ಇಲ್ಲಿ ಹಗಲು. ನಾನು ಇಲ್ಲಿಗೆ ಬಂದ ಮೇಲೆ ನಿಗಾ ವಿಭಾಗದಲ್ಲಿ ರಾತ್ರಿ ಪಾಳಿ ಎನ್ನುವುದೇ ನಿಂತುಹೋಯಿತು. ಮೊದಲು ಸರದಿಯ ಮೇಲೆ ರಾತ್ರಿಯೆಲ್ಲ ಕೂರುತ್ತಿದ್ದೆವು. ಚಹಾ ಕುಡಿದು ಕುಡಿದು ಬಾಯಿ ಒಗರಾಗುತ್ತಿತ್ತು. ಬೆಳಗಿನ ಜಾವ ಅಂಕಿಗಳೆಲ್ಲ ಕಲಸಿಕೊಂಡು, ಯಾವುದು ಗೋದಾಮಿನ ಥಂಡಿ, ಯಾವುದು ಗಡಿಯಾರದ ಗಂಟೆ ಎಂದು ತಿಳಿಯುತ್ತಿರಲಿಲ್ಲ. ನನ್ನ ಪಕ್ಕದ ಸೀಟಿನವಳಂತೂ ಎಳೆಗೂಸನ್ನು ತಂಗಿಯ ಹತ್ತಿರ ಬಿಟ್ಟು ಬರುತ್ತಿದ್ದಳು. ಈಗ ಅವಳು ರಾತ್ರಿ ಮಗುವಿನ ಪಕ್ಕ ಮಲಗುತ್ತಾಳೆ, ಮೇಲ್ವಿಚಾರಕಿ ಮಲಗುತ್ತಾರೆ, ತಾವೂ ಮಲಗುತ್ತೀರಿ. ನಾನು ಮಧ್ಯಾಹ್ನದ ಊಟ ಮಾಡಿ, ಕಿಟಕಿಯ ಬೆಳಕಿನಲ್ಲಿ, ಎರಡೂ ಕಣ್ಣು ಬಿಟ್ಟುಕೊಂಡು ಕೂತಿರುತ್ತೇನೆ. ರಾತ್ರಿ ಪಾಳಿಯವರನ್ನು ಕರೆತರುವ ಗಾಡಿ ಇಲ್ಲ, ಅವರಿಗಾಗಿ ಉರಿಯುವ ದೀಪ ಇಲ್ಲ, ಮರುದಿನದ ರಜೆ ಇಲ್ಲ. ನಷ್ಟವೆಂದರೆ ಇದೇ ಇರಬೇಕು.

ಒಂದು ಅಲಾರಂ ತಮಗೂ ನೆನಪಿರಬಹುದು. ಕಳೆದ ಬೇಸಿಗೆಯಲ್ಲಿ ದೊಡ್ಡ ಔಷಧಿ ಗೋದಾಮಿನಲ್ಲಿ ಬಿಸಿ ಏರತೊಡಗಿತು. ಅಲ್ಲಿ ನಡುರಾತ್ರಿ, ನನಗೆ ಪುಟ್ಟಿ ಶಾಲೆಯಿಂದ ಬಂದು ಬೂಟು ಬಿಚ್ಚುವ ಹೊತ್ತು. ಕಾವಲುಗಾರನಿಗೆ ಫೋನ್ ಮಾಡಿದೆ. "ಎಲ್ಲಾ ಸರಿ ಇದೆ ಮೇಡಂ, ನಾನು ಬಾಗಿಲ ಹತ್ರಾನೇ ಇದೀನಿ" ಅಂದ. ಅರೆನಿದ್ದೆಯಲ್ಲಿ ಕೂತಿದ್ದರೆ ಸರಿಯಪ್ಪ ಎಂದು ಇಟ್ಟುಬಿಡುತ್ತಿದ್ದೆ. ನಿದ್ದೆ ಇರಲಿಲ್ಲವಲ್ಲ, ಬಿಡದೆ ಕೇಳಿದೆ.

"ಬಾಗಿಲ ಹತ್ರ ಅಂದ್ರೆ ಎಲ್ಲಿ? ಒಳಗಾ, ಹೊರಗಾ?"

"ನಡುವೆ, ಮೇಡಂ."

"ನಡುವೆ ಅಂದ್ರೆ ಹೇಗಪ್ಪಾ?"

"ಕುರ್ಚಿ ಹಾಕ್ಕೊಂಡು ಕೂತಿದೀನಿ. ಫ್ಯಾನ್ ಕೆಟ್ಟಿದೆ ಮೇಡಂ, ವಿಪರೀತ ಸೆಕೆ. ಒಳಗಿಂದ ತಣ್ಣಗೆ ಗಾಳಿ ಬರುತ್ತೆ."

ಊರಿನ ಔಷಧಿಯ ಥಂಡಿಯನ್ನೆಲ್ಲ ಒಬ್ಬನೇ ತೆಗೆದುಕೊಳ್ಳುತ್ತಿದ್ದ ಮಹಾರಾಯ. ಪಾಪ, ಸೆಕೆ ಅವನದೂ ಸುಳ್ಳಲ್ಲ. ಕುರ್ಚಿ ತೆಗೆಸಿ, ಬಾಗಿಲು ಹಾಕಿಸಿ, ಅಂಕಿ ಇಳಿಯುವ ತನಕ ಅವನನ್ನು ಮಾತಾಡಿಸುತ್ತಾ ಕೂರಿಸಿದೆ. ಮರುದಿನ ಅವನಿಗೊಂದು ಫ್ಯಾನ್ ಕೊಡಿಸಿ ಎಂದು ಬರೆದೆ. ಆ ತಿಂಗಳ ಸಂಸ್ಥೆಯ ಪತ್ರಿಕೆಯಲ್ಲಿ ಈ ಸುದ್ದಿ ಬಂತು. ನಮ್ಮ ಕಚೇರಿಯ ಕೆಲಸದ ವಾತಾವರಣವೇ ಈ ಎಚ್ಚರಕ್ಕೆ ಕಾರಣ ಎಂದು ತಾವು ಬರೆದಿದ್ದಿರಿ. ಅದೇ ಪುಟದಲ್ಲಿ ಕಚೇರಿಯ ಚಿತ್ರವೂ ಇತ್ತು. ಅದರಲ್ಲಿ ನನ್ನ ಸ್ವೆಟರ್ ಚೆನ್ನಾಗಿ ಬಂದಿತ್ತು.

ಸ್ವೆಟರಿನ ಮಾತಿಗೇ ಬರುತ್ತೇನೆ. ನಮ್ಮ ಕಚೇರಿಯ ಏಸಿಯ ಚಳಿ ಕೋಲ್ಡ್ ಸ್ಟೋರೇಜಿಗೆ ಸಾಲ ಕೊಡುವಷ್ಟಿದೆ. ಹಾಗಾಗಿ ಎಲ್ಲರ ಕುರ್ಚಿಯ ಮೇಲೂ ಒಂದು ಸ್ವೆಟರೋ ಶಾಲೋ ಇರುತ್ತದೆ, ಸ್ವೆಟರ್ ಇದ್ದರೆ ಆಸಾಮಿ ಇಲ್ಲೇ ಎಲ್ಲೋ ಚಹಾಕ್ಕೆ ಹೋಗಿದ್ದಾನೆ ಎಂದು ಅರ್ಥ. ಹಾಜರಿಗೆ ಬೆರಳು ಒತ್ತುವ ಯಂತ್ರವನ್ನು ನಂಬದ ತಾವು, ಮನೆಯಿಂದ ಕೆಲಸ ಮಾಡಬಹುದೆಂದರೂ ನಿಷ್ಠೆಯಿಂದ ಕಚೇರಿಗೆ ಬರುವವರು ಯಾರು ಎಂದು ತಿಳಿಯಲು ದಿನಾ ಬೆಳಿಗ್ಗೆ ಸೀಟುಗಳ ನಡುವೆ ಒಂದು ಸುತ್ತು ಹಾಕತೊಡಗಿದಿರಿ. ಕಸ ಗುಡಿಸುವ ಅಕ್ಕ ನನ್ನ ಸ್ವೆಟರನ್ನು ಧೂಳು ಹಿಡಿಯದಿರಲಿ ಎಂದು ದಿನಾ ಕೊಡವಿ, ಒಮ್ಮೆ ಕುರ್ಚಿಯ ಬೆನ್ನಿಗೆ, ಒಮ್ಮೆ ಅದರ ಕೈಗೆ ಹಾಕಿಡುತ್ತಿದ್ದರು. ಜಾಗ ಬದಲಾಗಿದ್ದನ್ನು ಕಂಡು ತಮಗೆ ನಾನು ಎದ್ದು ಕೂತು ಮಾಡುತ್ತಿದ್ದೇನೆ ಎಂದು ಖಾತ್ರಿಯಾಯಿತು. ಇದು ಆಗ ನನಗೆ ಗೊತ್ತೇ ಇರಲಿಲ್ಲ, ಆಮೇಲೆ ಪಕ್ಕದ ಸೀಟಿನವಳು ಹೇಳಿದಳು. ಆ ಅಕ್ಕನಿಗೂ ಗೊತ್ತಿರಲಿಲ್ಲ. ಅವರ ಮೇಲೆ ತಾವು ಕಣ್ಣು ಕೆಂಪಗೆ ಮಾಡಬಾರದು, ಅವರು ತಮ್ಮ ಕೆಲಸವನ್ನು ಮಾಡಿದ್ದಾರೆ.

ಆಮೇಲೆ ಆ ಸಭೆ. ತಾವು ಸಭಾಂಗಣದಲ್ಲಿ ನಿಂತಿದ್ದಿರಿ, ದೂರದಲ್ಲಿದ್ದವರು ಕಂಪ್ಯೂಟರಿನಲ್ಲಿ ಕೇಳುತ್ತಿದ್ದೆವು. ಕಚೇರಿಗೆ ಬರುವುದರ ಮಹಿಮೆಯನ್ನು ವಿವರಿಸಿ, "ನಿಗಾ ವಿಭಾಗದ ಆ ಹಸಿರು ಸ್ವೆಟರಿನವರನ್ನ ನೋಡಿ ಕಲೀಬೇಕು. ಮನೇಲಿ ಕೂರಬಹುದಿತ್ತು, ಕೂತಿಲ್ಲ. ಒಂದು ದಿನ ತಪ್ಪಿಸಿಲ್ಲ. ಎಲ್ಲಿದಾರೆ ಅವರು? ಎದ್ದು ನಿಲ್ಲಲಿ" ಅಂದಿರಿ. ಸಭಾಂಗಣದಲ್ಲಿ ಯಾರೂ ಏಳಲಿಲ್ಲ. ಪಕ್ಕದ ಸೀಟಿನವಳು ಕೆಮ್ಮಿದ್ದು ನನಗೆ ಇಲ್ಲಿಯವರೆಗೆ ಕೇಳಿಸಿತು. ಹೊಗಳಿಕೆಯನ್ನು ಬಚ್ಚಿಟ್ಟುಕೊಳ್ಳುವುದು ನನ್ನಿಂದ ಆಗಲಿಲ್ಲ. ಮೈಕ್ ಹಾಕಿ, "ಸರ್, ನಾನು ಇಲ್ಲಿದೀನಿ" ಅಂದೆ.

"ಇಲ್ಲಿ ಅಂದ್ರೆ?"

ದೇಶದ ಹೆಸರು ಹೇಳಿದೆ. ಹಿಂದಿನಿಂದ ಪುಟ್ಟಿ, "ಅಮ್ಮಾ, ಯಾರು ಅದು?" ಅಂದಳು. ಸಭೆ ಅಲ್ಲಿಗೆ ಮುಗಿಯಿತು. ಆದೇಶ ಮುಂದಿನ ವಾರ ಬಂತು.

ಆ ಆದೇಶವನ್ನು ನಾನು ಎಷ್ಟೋ ಸಲ ಓದಿದ್ದೇನೆ. ಮೊದಲ ಕಾರಣ, ಗೌಪ್ಯತೆ. ಹೊರದೇಶದಲ್ಲಿ ಸಂಸ್ಥೆಯ ಮಾಹಿತಿ ಸುರಕ್ಷಿತವಲ್ಲವಂತೆ. ನಮ್ಮ ವಿಭಾಗದ ಪಾಸ್‌ವರ್ಡನ್ನು ಹಳದಿ ಚೀಟಿಯಲ್ಲಿ ಬರೆದು, ಎಲ್ಲರಿಗೂ ಕಾಣುವಂತೆ ಪ್ರಿಂಟರಿಗೆ ಅಂಟಿಸಿರುವುದು ಇಲ್ಲಿಂದಲೂ ವಿಡಿಯೋದಲ್ಲಿ ಕಾಣುತ್ತದೆ. ನನ್ನ ಮನೆಯಲ್ಲಿ ಅದನ್ನು ಬಲ್ಲವಳು ನಾನೊಬ್ಬಳೇ. ಎರಡನೇ ಕಾರಣ, ಹೊರದೇಶದಲ್ಲಿ ಕೂತವರ ಮನಸ್ಸು ಕೆಲಸದ ಮೇಲೆ ನಿಲ್ಲುವುದಿಲ್ಲ. ಈ ಮಾತು ತಮ್ಮ ಅನುಭವದಿಂದ ಬಂದಿರಬೇಕು. ಏಕೆಂದರೆ ಆದೇಶ ಹೊರಟ ವಾರ ತಾವು ಬೇರೊಂದು ದೇಶದ ಸಮಾವೇಶದಲ್ಲಿದ್ದಿರಿ. ಅಲ್ಲಿನ ಹೋಟೆಲಿನ ಕೋಣೆಯಿಂದಲೇ ಆದೇಶಕ್ಕೆ ಸಹಿ ಮಾಡಿ ಕಳಿಸಿದಿರಿ, ಮರುದಿನ ಅಲ್ಲಿಂದಲೇ ವಿಡಿಯೋದಲ್ಲಿ ಬಂದು, "ನಾನೆಲ್ಲೇ ಇರಲಿ, ಕೆಲಸ ನಿಲ್ಲಲ್ಲ" ಅಂದಿರಿ. ಹಿಂದೆ ಹೂವಿನ ಪರದೆ ಚೆನ್ನಾಗಿತ್ತು. ಹೊರದೇಶದಿಂದ ಕೆಲಸ ಮಾಡಬಾರದು ಎನ್ನುವ ಆದೇಶವನ್ನು ಹೊರದೇಶದಿಂದಲೇ ಇಷ್ಟು ಅಚ್ಚುಕಟ್ಟಾಗಿ ಹೊರಡಿಸಬಹುದು ಎಂದ ಮೇಲೆ, ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನಾನು ಎಲ್ಲಿಂದ ತರಲಿ?

ಮೂರನೇ ಕಾರಣ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. "ಮುಖಾಮುಖಿ ಒಡನಾಟಕ್ಕೆ ಪರ್ಯಾಯವಿಲ್ಲ. ಪರದೆಯ ಮೂಲಕ ಸಂಬಂಧ ಬೆಳೆಯುವುದಿಲ್ಲ" ಎಂದು ಬರೆದಿದ್ದೀರಿ. ಮಾನ್ಯರೇ, ಇದು ಅಪ್ಪಟ ಸತ್ಯ. ವ್ಯಂಗ್ಯ ಮಾಡುತ್ತಿಲ್ಲ. ಪರದೆಯ ಮೂಲಕ ಸಂಬಂಧ ಬೆಳೆಯದು ಎನ್ನುವುದನ್ನು ಮಂಚದ ಕೆಳಗೆ ಸೇರಿಕೊಂಡ ಮಗುವಿನ ತಾಯಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ನಾನು ಇಲ್ಲಿಗೆ ಬಂದದ್ದು. ಕೋಲ್ಡ್ ಸ್ಟೋರೇಜಿಗೆ ನನ್ನ ಮುಖ ಬೇಕಾಗಿಲ್ಲ, ಅದು ನನ್ನನ್ನು ಒಮ್ಮೆಯೂ ಕೇಳಿಲ್ಲ. ಮಗಳಿಗೆ ಅಪ್ಪನ ಮುಖ ಬೇಕಿತ್ತು. ಅಪ್ಪನೊಬ್ಬ ವರ್ಷಾನುಗಟ್ಟಲೆ ಪರದೆಯೊಳಗೆ ಇದ್ದಾಗ ಯಾವ ಮುಖ್ಯಾಧಿಕಾರಿಯೂ ಚಿಂತೆ ಮಾಡಿ ಆದೇಶ ಹೊರಡಿಸಲಿಲ್ಲ. ಉದ್ಯೋಗಿಯೊಬ್ಬಳು ಪರದೆಯೊಳಗೆ ಹೋದದ್ದೇ ತಡ, ಸಂಬಂಧಗಳ ಬಗ್ಗೆ ತಮಗೆ ಇಷ್ಟು ಕಳಕಳಿ ಉಕ್ಕಿತು.

ಇಲ್ಲಿಗೆ ಬಂದ ಮೊದಲ ವಾರ ಇವರು ಅವಳಿಗೆ ಹಲ್ಲುಜ್ಜು ಎಂದು ಗದರಿದರು. ಅವಳು ಬೆರಳು ಚಾಚಿ ಇವರ ಹಣೆಯನ್ನೊಮ್ಮೆ ಒತ್ತಿ ನೋಡಿದಳು. ಅಪ್ಪ ಆಫ್ ಆಗಲಿಲ್ಲ. ಈಗ ದಿನಾ ಬೆಳಿಗ್ಗೆ ಇವರು ಪಾಳಿಗೆ ಹೋಗುವ ಮುಂಚೆ ಅವಳನ್ನು ಶಾಲೆಗೆ ಬಿಡುತ್ತಾರೆ. ದಾರಿಯುದ್ದಕ್ಕೂ ಜಗಳ. ಛತ್ರಿ ಯಾರು ಹಿಡಿಯಬೇಕು, ಸೇತುವೆ ದಾಟುವಾಗ ಯಾವ ಕಡೆ ನಡೆಯಬೇಕು. ಸಂಜೆ ಇವರ ಉಗುರಿನ ಗ್ರೀಸನ್ನು ತನ್ನ ಹಳೇ ಬ್ರಶ್ಶಿನಿಂದ ಉಜ್ಜಿ ತೆಗೆಯುವುದು ಅವಳ ಕೆಲಸ. ಅದನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ನಮ್ಮಿಬ್ಬರ ಜಗಳಗಳೂ ಈಗ ಲೈನ್ ಕಟ್ಟಾಗದೆ ಕೊನೆಯ ತನಕ ನಡೆಯುತ್ತವೆ. ಇವರು ಗೊರಕೆ ಹೊಡೆಯುತ್ತಾರೆ ಎನ್ನುವುದು ಮದುವೆಯಾಗಿ ಇಷ್ಟು ವರ್ಷದ ಮೇಲೆ ತಿಳಿಯಿತು.

ತಮ್ಮ ಆದೇಶ ಬಂದ ದಿನ ನಾವಿಬ್ಬರೂ ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದೆವು. ಇವರೊಬ್ಬರ ದುಡಿಮೆಯಲ್ಲಿ ಇಲ್ಲಿ ಮೂವರ ಬದುಕು ನಡೆಯದು. ಇವರು ಕೆಲಸ ಬಿಟ್ಟು ಬಂದರೆ ಅಲ್ಲಿ ಇವರಿಗೆ ಕ್ರೇನಿಲ್ಲ. ಉಳಿದದ್ದು ಒಂದೇ, ನಾನೂ ಪುಟ್ಟಿಯೂ ವಾಪಸು ಹೋಗುವುದು. ಅವಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಅಳಲಿಲ್ಲ. ನನ್ನನ್ನು ಮಾತ್ರ ಕೇಳಿದಳು: "ಅಪ್ಪ ಮತ್ತೆ ಫೋನೊಳಗೆ ಹೋಗ್ಬೇಕಾ?"

ಇವರು ಎದ್ದು ನಲ್ಲಿ ತಿರುಗಿಸಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದರು. "ಪರಿಶೀಲನೆಯಲ್ಲಿದೆ" ಎನ್ನುವ ಮಾತು ನನ್ನ ಬಾಯಿಗೂ ಬಂದಿತ್ತು, ನುಂಗಿಕೊಂಡೆ.

ನನಗೆ ಈ ಕೆಲಸ ಇಷ್ಟ. ಇದನ್ನು ಕಳೆದುಕೊಳ್ಳಲು ನನಗೆ ಹೆದರಿಕೆ ಇದೆ. ಎರಡನ್ನೂ ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದೇನೆ. ಬೇಡುವುದಕ್ಕೆ ನನಗೆ ನಾಚಿಕೆಯೂ ಇಲ್ಲ. ಆದರೆ ನನ್ನ ಕೆಲಸದಲ್ಲಿ ತಪ್ಪು ಹುಡುಕದೆ, ನಾನು ಕೂತ ಜಾಗದಲ್ಲಿ ತಪ್ಪು ಹುಡುಕುವುದನ್ನು ಒಪ್ಪಿಕೊಳ್ಳಲಾರೆ. ಅದಕ್ಕಾಗಿ ಎರಡು ಬೇಡಿಕೆಗಳು. ಒಂದು, ನನ್ನ ಅರ್ಜಿಗೆ ಆಗಲಿ ಅಥವಾ ಬೇಡ ಎಂದು, ಕಾರಣ ಸಮೇತ, ತಮ್ಮ ಕೈಯಾರೆ ಬರೆಯಬೇಕು. ಇನ್ನೊಂದು, ಬೇಡ ಎಂದು ಬರೆಯುವುದೇ ಆದರೆ, ಅದಕ್ಕೂ ಮುಂಚೆ ಒಂದೇ ಒಂದು ರಾತ್ರಿ ಪಾಳಿಯನ್ನು ತಾವು ಮಾಡಬೇಕು. ನಾನು ಬಿಟ್ಟ ಮರುದಿನದಿಂದ ಆ ಪಾಳಿ ಮತ್ತೆ ಶುರುವಾಗುತ್ತದೆ, ಮೊದಲ ಸರದಿ ಎಳೆಗೂಸಿನ ತಾಯಿಯದು. ಅವಳ ಬದಲು ತಾವು ಕೂತು ನೋಡಿ. ಬೆಳಗಿನ ಜಾವ ಕಣ್ಣು ಎಳೆಯುವಾಗ ಅಲಾರಂ ಹೊಡೆದು ತಾವು ಫೋನ್ ಹಚ್ಚಿದಾಗ, ಎಲ್ಲಾ ಸರಿ ಇದೆ ಸರ್ ಎಂದು ಯಾರಾದರೂ ಹೇಳಿದರೆ, ಬಿಡದೆ ಇನ್ನೊಂದು ಪ್ರಶ್ನೆ ಕೇಳಬೇಕು. ನನ್ನ ಕುರ್ಚಿಯಲ್ಲೇ ಕೂರಬಹುದು, ಅದು ಹೇಗೂ ತಮಗೆ ಇಷ್ಟವಾದ ಕುರ್ಚಿ. ಆ ಹೊತ್ತಿನಲ್ಲಿ ಅಲ್ಲಿ ತುಂಬಾ ಚಳಿ. ಸ್ವೆಟರ್ ಅಲ್ಲೇ ಇದೆ, ಸಂಕೋಚಪಡದೆ ಹಾಕಿಕೊಳ್ಳಿ.

ಇಂತಿ,
ತಮ್ಮ ಕುರ್ಚಿಯಲ್ಲಿಲ್ಲದಿದ್ದರೂ ತಮ್ಮ ಕೆಲಸದಲ್ಲಿರುವ,
ಹಸಿರು ಸ್ವೆಟರಿನ ಒಡತಿ

(ಇದನ್ನು ಬರೆದದ್ದು ನನ್ನ ಪಾಳಿ ಮುಗಿದ ಮೇಲೆ. ಪುಟ್ಟಿ ಪಕ್ಕದಲ್ಲಿ ಅಪ್ಪನ ಉಗುರು ಉಜ್ಜುತ್ತಿದ್ದಾಳೆ. ಅವಳ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ. ತಮ್ಮದು ಬಂದ ಮೇಲೆ ಕೊಡುತ್ತೇನೆ.)